ಹಿತ್ತಲಿನಲ್ಲಿ ನಿಂತ ನೀರು

ಮಗ್ಗಿನ ತುಂಬ ಇದ್ದ ಕೆಸರುನೀರು ನೇರವಾಗಿ ಹೋಗಿ ಅವನ ಎದೆಗೆ ಬಡಿಯಿತು!

ಆಗಷ್ಟೇ ಹಿತ್ತಲ ಗೇಟು ತಳ್ಳಿಕೊಂಡು ಒಳಗೆ ಬಂದಿದ್ದ ಆ ಮನುಷ್ಯ ಏನೋ ಹೇಳಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಶರ್ಟು. ಮೋರಿ ಕೆಲಸಕ್ಕೆ ಬಿಳಿ ಶರ್ಟು ಹಾಕಿಕೊಂಡು ಹೋಗುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇವನು ಹೋಗುತ್ತಿದ್ದ. ಮೊದಲ ದಿನ ಬರೀ ನೋಡುವ ಕೆಲಸ ತಾನೇ, ಕೊಳೆಯಾಗುವುದಿಲ್ಲ ಎಂಬ ಲೆಕ್ಕ ಅವನದು.

ಎದುರಿಗೆ, ಪಾದ ಮುಳುಗುವಷ್ಟು ನೀರಿನಲ್ಲಿ ಅವಳು ನಿಂತಿದ್ದಳು. ಮಗ್ಗಿನಿಂದ ನೀರು ಮೊಗೆದು ಗೇಟಿನಾಚೆ ಚೆಲ್ಲುತ್ತಿದ್ದಳು.

"ಕ್ಷಮಿಸಿ," ಎಂದಳು.

ಅಷ್ಟೇ. ಗಾಬರಿಯಿಲ್ಲ, ನಾಚಿಕೆಯಿಲ್ಲ, ಅಯ್ಯೋ ಎಂಬ ಉದ್ಗಾರವೂ ಇಲ್ಲ. ಬಸ್ಸಿನಲ್ಲಿ ಸ್ವಲ್ಪ ಸರಿಯಿರಿ ಎಂದು ಹೇಳಿದಂತೆ ಹೇಳಿ, ಬಗ್ಗಿ, ಮತ್ತೊಂದು ಮಗ್ಗು ಮೊಗೆದಳು.

"ನೀರು ನೋಡೋಕೆ ಬಂದೆ ಮೇಡಂ. ನೀವು ಪರಿಚಯಾನೇ ಮಾಡ್ಸಿಬಿಟ್ರಲ್ಲ!"

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಅವಳು ನಗಲಿಲ್ಲ. ಅವನತ್ತ ನೋಡಿದಳು, ನೋಡಿದ್ದು ಅವನಿಗೆ ತಲುಪಲೇ ಇಲ್ಲ.

'ಇವ್ರಿಗೆ ನನ್ನ ಮೇಲೆ ಸಿಟ್ಟೂ ಇಲ್ಲ, ಮರ್ಯಾದೆನೂ ಇಲ್ಲ. ನಾನು ಇಲ್ಲಿ ಇದ್ದೀನಾ ಇಲ್ವಾ ಅಂತ ನನಗೇ ಅನುಮಾನ ಬರ್ತಿದೆ...' ಎಂದುಕೊಂಡ ಅವನು.

"ಅಯ್ಯೋ, ಏನೇ ಮಾಡ್ದೆ! ಅವ್ರನ್ನ ಕರೆಸಿದ್ದು ನಾನು ಕಣೇ!" ಅಡುಗೆಮನೆಯ ಬಾಗಿಲಲ್ಲಿ ಅವಳ ಅತ್ತೆ ಪ್ರತ್ಯಕ್ಷರಾದರು. ಕೈಯಲ್ಲಿ ಟವೆಲ್ಲು, ಮುಖದಲ್ಲಿ ಲೋಕದ ಕಾಳಜಿಯೆಲ್ಲ. "ಬಾಪ್ಪಾ, ಒರೆಸ್ಕೋ. ಮೋರಿ ರಿಪೇರಿ ಮಾಡೋನು ನೀನೇ ತಾನೇ?"

"ಹೌದಮ್ಮ. ಈ ಊರಲ್ಲಿ ನನ್ನನ್ನ ಬಿಟ್ರೆ ಇನ್ಯಾರೂ ಇಲ್ಲ ಅಂತಿಟ್ಕೊಳ್ಳಿ."

ಇದ್ದರು. ಇನ್ನೂ ಕೆಲವರು ಇದ್ದರು. ಆದರೆ ಜಂಬ ಕೊಚ್ಚಿಕೊಳ್ಳುವುದರಲ್ಲಿ ಇವನನ್ನು ಮೀರಿಸುವವರು ಮಾತ್ರ ಯಾರೂ ಇರಲಿಲ್ಲ. ಅತ್ತೆ ಅಂದೇ ಅವನಿಗೆ 'ಮೋರಿರಾಜ' ಎಂದು ಹೆಸರಿಟ್ಟರು. ಆ ಹೆಸರೇ ಕೊನೆಯವರೆಗೂ ಉಳಿಯಿತು.

ಅವಳ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಅವಳು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, "ಸ್ವಲ್ಪ ನೇರ ನೋಡಿ... ಈಗ ಕಾಣ್ತಿದೆಯಾ?" ಎಂದು ಕೇಳುವುದು ಅವಳ ದಿನ. ಗಂಡ ಒಂದು ಬೆಳಿಗ್ಗೆ ಆಫೀಸಿಗೆ ಹೋದವನು, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕೂತವನು, ಮತ್ತೆ ಏಳಲಿಲ್ಲ. ಸುದ್ದಿ ಬಂದಾಗ ಅವಳು ಯಾರದೋ ಕಣ್ಣಿಗೆ ಗಾಜು ಹೊಂದಿಸುತ್ತಿದ್ದಳು. ಅದನ್ನು ಹೊಂದಿಸಿ ಮುಗಿಸಿಯೇ ಹೊರಟಳು.

ಅವತ್ತು ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಧೈರ್ಯಸ್ಥೆ ಎಂದರು ಜನ. ಧೈರ್ಯವಲ್ಲ ಅದು... ಕೂತು ಕೂತು ಕಾಲು ಮರಗಟ್ಟಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಅವಳಿಗೆ ಮೈಯೆಲ್ಲ, ಮನಸ್ಸೆಲ್ಲ ಹಾಗಾಗಿತ್ತು. ಊಟ ಮಾಡುತ್ತಿದ್ದಳು, ರುಚಿ ಗೊತ್ತಾಗುತ್ತಿರಲಿಲ್ಲ. ಬೇಸಿಗೆ ಬಂದು ಹೋಯಿತು, ಸೆಕೆಯಾದದ್ದು ನೆನಪಿಲ್ಲ.

ಗಂಡ ಹೋದಮೇಲಿನ ಎರಡನೇ ಮಳೆಗಾಲವಿದು. ಒಂದು ಜೋರು ಮಳೆ ಬಂದರೆ ಸಾಕು, ಹಿತ್ತಿಲೆಲ್ಲ ಕೆರೆ. ಅಡುಗೆಮನೆಯ ಗೋಡೆಗೆ ತೇವ ಏರಿ, ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು. ಅತ್ತೆ ಗೊಣಗುತ್ತಿದ್ದರು. ಅವಳು ಕೆಲಸಕ್ಕೆ ಹೋಗುವ ಮುಂಚೆ ಮಗ್ಗು ಹಿಡಿದು ಮೊಗೆಯುತ್ತಿದ್ದಳು. ಮೊಗೆದಷ್ಟೂ ಇರುತ್ತಿತ್ತು. ಅದೂ ಅವಳನ್ನು ಬಾಧಿಸುತ್ತಿರಲಿಲ್ಲ.

* * *

ಮೋರಿರಾಜ ಒದ್ದೆ ಶರ್ಟಿನಲ್ಲೇ ಹಿತ್ತಿಲು ಪೂರ್ತಿ ಸುತ್ತಿದ. ಸೂರಿನ ನೀರು ಬೀಳುವ ಪೈಪು ನೋಡಿದ. ಮೂಲೆಯಲ್ಲಿ ಕೋಲು ಚುಚ್ಚಿ ಮಣ್ಣು ನೋಡಿದ. ಕೊನೆಗೆ ಅಡುಗೆಮನೆಯ ಬಾಗಿಲಿಂದ ಬಟ್ಟೆ ಒಣಹಾಕುವ ಜಾಗದವರೆಗೆ ಹಾಸಿದ್ದ ಸಿಮೆಂಟಿನ ನೀರನ್ನು ಪೊರಕೆಯಿಂದ ತಳ್ಳಿ, ಅದರ ಮೇಲೆ ಒಂದು ಗೋಲಿ ಇಟ್ಟ. ಗೋಲಿ ಸರಸರನೆ ಉರುಳಿಕೊಂಡು ಬಂದು ಮನೆಯ ಗೋಡೆಗೆ ಬಡಿದು ನಿಂತಿತು.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ನೀರು ಹೊರಗೆ ಹೋಗೋ ಹಾಗೆ ಇಳಿಜಾರು ಕೊಡ್ತಾರೆ. ಇಲ್ಲಿ ನೋಡಿದ್ರೆ ನೀರನ್ನ ಮನೆಗೆ ಊಟಕ್ಕೆ ಕರೆದ ಹಾಗಿದೆ! ಯಾವ ಮಹಾನುಭಾವ ಹಾಸಿದ್ದು ಮೇಡಂ ಇದು?"

"ನನ್ನ ಗಂಡ," ಎಂದಳು. "ಈಗ ಇಲ್ಲ."

ಅವನ ನಗು ಅಲ್ಲೇ ನಿಂತಿತು. ಕಿವಿ ಕೆಂಪಾಯಿತು. ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿ ಸಿಮೆಂಟನ್ನೇ ನೋಡುತ್ತಿದ್ದರು. ಮಗ ಅದನ್ನು ಹಾಸಿದ್ದು ಒಂದು ರಜೆಯ ದಿನ, ಯಾರ ಮಾತೂ ಕೇಳದೆ, ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡು. ಪಾಪ, ಅವನು ಕೈ ಹಾಕಿದ ಕೆಲಸಗಳೆಲ್ಲ ಹೀಗೇ. ಅವನು ಹೊಡೆದ ಮೊಳೆಗಳೆಲ್ಲ ಸೊಟ್ಟ, ಜೋಡಿಸಿದ ಕಪಾಟಿಗೆ ಒಂದು ಕಾಲು ಗಿಡ್ಡ. ಆದರೆ ಮಾಡಿ ಮುಗಿಸಿದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ ನೋಡಿ, ಅರಮನೆ ಕಟ್ಟಿದವನ ಹಾಗೆ!

"ಒಡೀರಿ," ಎಂದಳು ಅವಳು. ದನಿಯಲ್ಲಿ ಏನೂ ಇರಲಿಲ್ಲ. "ಪೂರ್ತಿ ಒಡೆದು ಸರಿ ಮಾಡಿ."

ಅತ್ತೆ ಸದ್ದಿಲ್ಲದೆ ಒಳಗೆ ಹೋದರು. ಅವನು ಅವರು ಹೋದ ದಿಕ್ಕನ್ನೇ ನೋಡಿದ. ಆಮೇಲೆ ತಲೆಯಾಡಿಸಿದ.

"ಬೇಡ ಮೇಡಂ. ಇದು ಹೀಗೇ ಇರ್ಲಿ. ಗೋಡೆ ಪಕ್ಕ ಉದ್ದಕ್ಕೆ ಕಾಲುವೆ ತೆಗೆದು, ತೂತಿನ ಪೈಪು ಹಾಕಿ, ಜಲ್ಲಿ ತುಂಬ್ತೀನಿ. ಆ ಕಡೆ ಮೂಲೇಲಿ ಇಂಗುಗುಂಡಿ ಮಾಡಿದ್ರೆ ನೀರು ಅಲ್ಲಿಗೆ ಹೋಗಿ ಇಂಗುತ್ತೆ. ಕೆಲಸ ಜಾಸ್ತಿ. ಆದ್ರೂ ಪರವಾಗಿಲ್ಲ."

"ನಾನು ಒಡೀರಿ ಅಂದೆ."

"ಕೇಳಿಸ್ತು. ಒಡೆಯಲ್ಲ ಅಂದೆ."

"ಮನೆ ನಂದು! ಸಿಮೆಂಟು ನಂದು! ಒಡೀಬೇಕೋ ಬೇಡ್ವೋ ಅಂತ ಹೇಳೋಕೆ ನೀವ್ಯಾರ್ರೀ?"

ಆ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಪಕ್ಕದ ಮನೆಯ ಕಿಟಕಿ ತೆರೆಯಿತು.

ಅವನು ಹೆದರಲಿಲ್ಲ. ಮೆಲ್ಲಗೆ ಹೇಳಿದ: "ಒಡೆಯೋದು ಎಷ್ಟೊತ್ತಿನ ಮಾತು? ಆದ್ರೆ ನಾಳೆ ನಿಮಗೋ ಅಮ್ಮಂಗೋ ಇದು ಬೇಕು ಅನ್ನಿಸಿದ್ರೆ, ಇಷ್ಟು ಸೊಟ್ಟಗೆ ಹಾಸೋಕೆ ನನ್ನ ಕೈಲಂತೂ ಆಗಲ್ಲ."

ಅವಳು ಧಡಧಡ ಒಳಗೆ ಬಂದಳು. ಮೇಜಿನ ಮೇಲಿದ್ದ ಚಹಾ ಎತ್ತಿ ಒಂದು ಗುಟುಕು ಕುಡಿದಳು.

"ಏನತ್ತೆ ಇದು, ಸಕ್ಕರೆನೇ ಹಾಕಿಲ್ವಲ್ಲ!"

ಅತ್ತೆಯ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಏನನ್ನೋ ಹುಡುಕುವವರಂತೆ ಉಗ್ರಾಣಕ್ಕೆ ಹೋದವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಅವಳು ಅದನ್ನು ಗಮನಿಸಲಿಲ್ಲ. ಅವಳ ಮೈ ಇನ್ನೂ ಸಿಟ್ಟಿನಿಂದ ಬಿಸಿಯಾಗಿತ್ತು.

* * *

ಕೆಲಸ ಶುರುವಾಯಿತು. ಅವಳ ರಜೆಯ ದಿನಗಳಲ್ಲೇ ಅವನು ಬರುತ್ತಿದ್ದ, ಏಕೆಂದರೆ ಅತ್ತೆ ಹಾಗೆಂದು ಕಟ್ಟಪ್ಪಣೆ ಮಾಡಿದ್ದರು. "ನನಗೆ ಈ ಪೈಪು ಗೀಪು ಎಲ್ಲ ಅರ್ಥ ಆಗಲ್ಲಪ್ಪ. ಅವಳಿದ್ದಾಗ ಬಾ."

ಅವನ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಗುದ್ದಲಿ ಎತ್ತುವಾಗಲೂ ಮಾತು, ಇಳಿಸುವಾಗಲೂ ಮಾತು. ಎರಡನೇ ದಿನವೇ ಮಾತಿನ ಭರಾಟೆಯಲ್ಲಿ ಬಟ್ಟೆ ಒಣಹಾಕುವ ಕಂಬದ ಬುಡವನ್ನೇ ಅಗೆದು, ಕಂಬ, ಹಗ್ಗ, ಒದ್ದೆ ಬಟ್ಟೆ ಎಲ್ಲ ತನ್ನ ತಲೆಯ ಮೇಲೇ ಬೀಳಿಸಿಕೊಂಡ.

"ಊರಿಗೊಬ್ರೇ ಅಂದ್ರಲ್ಲ... ಪುಣ್ಯ, ಇಬ್ರಿಲ್ಲ," ಎಂದಳು ಅವಳು, ಅವನ ಭುಜದ ಮೇಲಿನ ಬೆಡ್‌ಶೀಟು ಎತ್ತುತ್ತಾ.

ಅವನು ಬೆಡ್‌ಶೀಟಿನ ಒಳಗಿಂದಲೇ ನಕ್ಕ. ಅಡುಗೆಮನೆಯ ಕಿಟಕಿಯ ಹಿಂದೆ ಇನ್ನೊಬ್ಬರೂ ನಕ್ಕರು.

ಆಮೇಲೆ ಅವಳೂ ಸಲಿಕೆ ಹಿಡಿದಳು. ಮಣ್ಣು ಎತ್ತಿ ಹಾಕುವುದು, ಮತ್ತೆ ಎತ್ತಿ ಹಾಕುವುದು... ಅದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಸಂಜೆ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ಒತ್ತಿ ನೋಡಿದಳು. ನೋಯಿತು. ಮತ್ತೆ ಒತ್ತಿದಳು.

ಕಾಲುವೆಗೆ ವಾಟ ಸರಿಯಿದೆಯೇ, ಅಂದರೆ ನೀರು ಇಳಿಯುವಷ್ಟು ಇಳಿಜಾರು ಇದೆಯೇ ಎಂದು ನೋಡಲು ಅವನು ಉದ್ದನೆಯ ಪಾರದರ್ಶಕ ಟ್ಯೂಬು ತಂದ. ಅದರೊಳಗೆ ನೀರು. ಒಂದು ತುದಿ ಅವನು ಹಿಡಿಯಬೇಕು, ಇನ್ನೊಂದು ತುದಿ ಇನ್ನೊಬ್ಬರು. ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ಬಂದು ನಿಂತ ಮೇಲೆ ಗುರುತು ಹಾಕಿಕೊಳ್ಳಬೇಕು.

"ಅಲ್ಲಾಡಿಸ್ಬೇಡಿ ಮೇಡಂ. ಉಸಿರು ಕೂಡ ಮೆತ್ತಗೆ ಬಿಡಿ."

ಅಲ್ಲಾಡದೆ ನಿಲ್ಲುವುದರಲ್ಲಿ ಅವಳನ್ನು ಮೀರಿಸುವವರುಂಟೇ! ಕಲ್ಲಿನ ಹಾಗೆ ನಿಂತಳು. ಟ್ಯೂಬಿನ ನೀರು ಮೇಲೆ ಕೆಳಗೆ ಆಡಿ, ನಿಧಾನವಾಗಿ ನಿಂತಿತು.

ಅವನು ಗುರುತು ಹಾಕಲು ಅವಳ ಕಡೆಗೆ ಬಂದ. ಅವಳ ಬೆರಳ ಪಕ್ಕದಲ್ಲೇ ಗೋಡೆಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯಬೇಕಿತ್ತು. ಮಣ್ಣಿನ ವಾಸನೆ, ಬೆವರಿನ ವಾಸನೆ, ಅಗ್ಗದ ಸಾಬೂನಿನ ವಾಸನೆ...

"ಅಲ್ಲಾಡ್ತಿದೆ," ಎಂದ ಪಿಸುದನಿಯಲ್ಲಿ.

ನೋಡಿದಳು. ನಿಜ, ಟ್ಯೂಬಿನೊಳಗೆ ನೀರು ಸಣ್ಣಗೆ ನಡುಗುತ್ತಿತ್ತು.

'ಗಾಳಿ,' ಎಂದುಕೊಂಡಳು. ಗಾಳಿ ಇರಲಿಲ್ಲ.

ಪೈಪು ಮಲಗಿಸಿ, ಜಲ್ಲಿ ತುಂಬಿ, ಮೂಲೆಯಲ್ಲಿ ಇಂಗುಗುಂಡಿ ತೆಗೆದು, ಅದರ ಮುಂದೆ, ಪೈಪಿನ ನೀರು ಹಾದುಹೋಗುವಲ್ಲಿ, ಮುಚ್ಚಳವಿರುವ ಒಂದು ಪುಟ್ಟ ಚೇಂಬರ್ ಕಟ್ಟಿದ್ದಾಯಿತು. ಸಂಜೆ ಜೋರು ಮಳೆ ಬಂತು. ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಸೂರಿನ ನೀರು ಜಲ್ಲಿಗೆ ಬಿತ್ತು, ಸದ್ದಿಲ್ಲದೆ ಒಳಗಿಳಿಯಿತು, ಹೋಯಿತು. ಒಂದು ಹನಿ ನಿಲ್ಲಲಿಲ್ಲ.

"ಮುಗೀತಲ್ಲ," ಎಂದರು ಅತ್ತೆ. ಯಾಕೋ ಅವರ ಮುಖ ಬಾಡಿತ್ತು.

"ಮುಗೀತು," ಎಂದಳು ಅವಳು.

ಮುಂದಿನ ರಜೆಗೆ ಅವನು ಬರಲಿಲ್ಲ. ಬರುವುದಕ್ಕೆ ಕೆಲಸವಿರಲಿಲ್ಲ. ಅವಳು ಇಡೀ ಮಧ್ಯಾಹ್ನ ಗೋಡೆ ನೋಡುತ್ತಾ ಕುಳಿತಿದ್ದಳು. ಅತ್ತೆ ಚಹಾ ಕೊಟ್ಟರು. ಕುಡಿದಳು. ಏನೂ ಹೇಳಲಿಲ್ಲ.

* * *

ಅದಾದ ಮೇಲೆ ಬಂದ ಮೊದಲ ಮಳೆಗೇ ಹಿತ್ತಿಲು ಮತ್ತೆ ಕೆರೆ!

ಅವನು ಓಡಿಬಂದ. ಚೇಂಬರಿನ ಮುಚ್ಚಳ ತೆಗೆದು ತೋಳು ಇಳಿಸಿದ. ಗಳಗಳ ಸದ್ದು ಮಾಡುತ್ತಾ ನೀರು ಇಳಿದುಹೋಯಿತು.

"ಎಲೆ ಕಟ್ಕೊಂಡಿತ್ತು," ಎಂದ. ಚಹಾ ಕುಡಿದ. ಕೂತ. ಊರ ಸುದ್ದಿಯೆಲ್ಲ ಹೇಳಿ ಎದ್ದು ಹೋದ.

ಎರಡನೇ ಸಲವೂ ಅದೇ. "ಎಲೆ." ಮತ್ತೆ ಚಹಾ.

'ಮುಚ್ಚಳ ಇರೋ ಚೇಂಬರಿಗೆ ಎಲೆ ಎಲ್ಲಿಂದ ಬರುತ್ತೆ?' ಎಂದು ಅವಳಿಗೆ ಅನ್ನಿಸಿತು. ಸುತ್ತಮುತ್ತ ಇದ್ದದ್ದೇ ಒಂದು ಮರ, ಅದೂ ಬೇಲಿಯಾಚೆ.

ಮೂರನೇ ಸಲ ಅವಳು ಸುಮ್ಮನೆ ನಿಂತು ನೋಡಿದಳು. ಅವನು ಚೇಂಬರಿನಿಂದ ಏನನ್ನೋ ಎಳೆದು, ಅತ್ತಿತ್ತ ನೋಡಿ, ಸರಕ್ಕನೆ ತನ್ನ ಚೀಲಕ್ಕೆ ತುರುಕಿಕೊಂಡ. ಎಲೆಯಲ್ಲ. ಬಟ್ಟೆಯಂಥದ್ದೇನೋ!

ಅವಳ ತಲೆಯೊಳಗೆ ಎಲ್ಲ ಸರಸರನೆ ಕೂಡಿಕೊಂಡಿತು. 'ಇವನೇ ತುರುಕೋದು... ಇವನೇ ತೆಗೆಯೋದು! ಗಂಡಿಲ್ಲದ ಮನೆ, ಬಂದು ಹೋಗೋಕೆ ಒಂದು ನೆಪ...'

"ಆ ಚೀಲ ತೆಗೀರಿ," ಎಂದಳು.

ಅವನು ಬೆಚ್ಚಿಬಿದ್ದ. ಚೀಲವನ್ನು ಹಿಂದಕ್ಕೆ ಸರಿಸಿದ.

"ಏನಿಲ್ಲ ಮೇಡಂ... ಕಸ."

"ಬೇಕಂತ್ಲೇ ಮಾಡ್ತಿದ್ದೀರ ಅಲ್ವಾ? ಪದೇ ಪದೇ ಬರೋಕೆ, ಕೂತು ಚಹಾ ಕುಡಿಯೋಕೆ... ನಾನು ಒಂಟಿ ಹೆಂಗಸು ಅಂತ ತಾನೇ ಈ ಆಟ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. ಒಮ್ಮೆ ಅಡುಗೆಮನೆಯ ಕಿಟಕಿಯತ್ತ ನೋಡಿದ. ಬಾಯಿ ತೆರೆದ. ಮುಚ್ಚಿದ.

"ಹೇಳಿ! ಇಲ್ಲ ಅನ್ನಿ ನೋಡೋಣ!"

"...ನಾನು ಹೊರಡ್ತೀನಿ."

ಗೇಟು ಮುಚ್ಚಿತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಸಿಟ್ಟಿನ ಭರದಲ್ಲಿ ಮೂಲೆಮನೆಯ ಡಾಕ್ಟರಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ತಮ್ಮ ಕ್ಲಿನಿಕ್ಕಿನ ಅಂಗಳದ ಕೆಲಸವನ್ನೆಲ್ಲ ಅವನಿಗೆ ಒಪ್ಪಿಸಿದ್ದರು. ಅಂದೇ ಬೇಡವೆಂದರು. ಡಾಕ್ಟರಮ್ಮ ಬೇಡ ಎಂದವನನ್ನು ಆ ಬೀದಿಯಲ್ಲಿ ಇನ್ಯಾರು ಕರೆಯುತ್ತಾರೆ? ಬೀದಿಯ ಬಾಯಲ್ಲಿ ಅವನ ಹೆಸರು ಕೆಟ್ಟುಹೋಯಿತು.

ಅವಳಿಗೆ ಗೆದ್ದೆ ಎನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಮತ್ತೆ ಅದೇ ಮರಗಟ್ಟಿದ ದಿನಗಳು. ಆದರೆ ಒಂದು ವ್ಯತ್ಯಾಸ. ಮೊದಲು ಆ ದಿನಗಳು ತಾವಾಗಿ ಜಾರಿಹೋಗುತ್ತಿದ್ದವು. ಈಗ ಒಂದೊಂದು ದಿನವೂ ಬಂದು ಎದುರಿಗೆ ಕೂರುತ್ತಿತ್ತು, ಎದ್ದು ಹೋಗುತ್ತಲೇ ಇರಲಿಲ್ಲ. ಅಂಗಡಿಯಲ್ಲಿ ಬಿಳಿ ಶರ್ಟಿನ ಬೆನ್ನು ಕಂಡರೆ ಕೈಯಲ್ಲಿದ್ದ ಫ್ರೇಮು ಜಾರುತ್ತಿತ್ತು.

'ಮೋಸಗಾರ,' ಎಂದುಕೊಳ್ಳುತ್ತಿದ್ದಳು. 'ಹೋದ್ರೆ ಹೋದ. ನನಗೇನು?'

* * *

ಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲ ತುಂಬ ನೀರು.

ಅವಳು ಬಾಗಿಲಲ್ಲೇ ನಿಂತಳು. ಅವನು ಈ ಕಡೆ ಸುಳಿಯದೆ ಎಷ್ಟೋ ದಿನವಾಗಿತ್ತು. ಗೇಟಿಗೆ ಅವಳೇ ಬೀಗ ಹಾಕಿದ್ದಳು.

ಹಾಗಾದರೆ...?

ನೀರಿಗಿಳಿದಳು. ಮುಚ್ಚಳ ಎತ್ತಿ ಪಕ್ಕಕ್ಕಿಟ್ಟಳು. ಮಂಡಿಯೂರಿ, ಭುಜದವರೆಗೂ ತೋಳು ಇಳಿಸಿ ತಡಕಾಡಿದಳು. ಕೈಗೆ ಏನೋ ಸಿಕ್ಕಿತು. ಎಳೆದಳು. ಗಂಟು ಕಟ್ಟಿದ ಒಂದು ದಿಂಬಿನ ಹೊದಿಕೆ. ನೀಲಿ ಗೆರೆಗಳದ್ದು. ಅವಳದೇ ಮನೆಯದು, ಅತ್ತೆಯ ಹಾಸಿಗೆಯದು!

ನೀರು ಗಳಗಳನೆ ಇಳಿಯತೊಡಗಿತು.

ತಿರುಗಿ ನೋಡಿದಳು. ಬಾಗಿಲಲ್ಲಿ ಅತ್ತೆ. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಅತ್ತೆ... ನೀವಾ?"

"ಅವನನ್ನ ಮತ್ತೆ ಕರೀತೀಯ ಅಂದ್ಕೊಂಡೆ," ಎಂದರು ಅತ್ತೆ. "ನೀನೇ ಕೈ ಹಾಕ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ಯಾಕತ್ತೆ? ಯಾಕೆ ಹೀಗೆ ಮಾಡಿದ್ರಿ? ಅವ್ರಿಗೆ ನಾನು ಏನೇನೆಲ್ಲ ಅಂದೆ ಗೊತ್ತಾ!"

"ಗೊತ್ತು. ಕಿಟಕಿ ಹಿಂದೇನೇ ಇದ್ದೆ. ಹೊರಗೆ ಬಂದು ಹೇಳೋಕೆ ಧೈರ್ಯ ಬರ್ಲಿಲ್ಲ... ನಿನ್ನೆದುರು ಸಣ್ಣೋಳಾಗ್ತೀನಿ ಅಂತ ಹೆದರಿದೆ." ಅತ್ತೆ ಮೆಟ್ಟಿಲ ಮೇಲೆ ಕುಸಿದು ಕುಳಿತರು. "ನಿನಗೊಂದು ಮಾತು ಹೇಳ್ಲಾ? ಒಂದಿನ ಮರೆತು ನಿನ್ನ ಚಹಾಗೆ ಸಕ್ಕರೆ ಹಾಕ್ಲಿಲ್ಲ. ನೀನು ಕುಡಿದೆ. ಮಾರನೇ ದಿನ ಬೇಕಂತ್ಲೇ ಹಾಕ್ಲಿಲ್ಲ. ಕುಡಿದೆ. ಆಮೇಲೆ ದಿನಾ... ಇವತ್ತಾದ್ರೂ ಕೇಳ್ತಾಳಾ, ಇವತ್ತಾದ್ರೂ ಬೈತಾಳಾ ಅಂತ ನಿನ್ನ ಮುಖಾನೇ ನೋಡ್ಕೊಂಡು ಕೂತಿರ್ತಿದ್ದೆ. ಕೇಳಿದ್ದು ಒಂದೇ ದಿನ ಕಣೇ. ಅವನ ಮೇಲೆ ಕೂಗಾಡಿ ಒಳಗೆ ಬಂದ್ಯಲ್ಲ, ಅವತ್ತು."

ಅವಳು ನೀರಿನಲ್ಲೇ ನಿಂತಿದ್ದಳು.

"ಮಗ ಹೋದ. ನಾನು ಎದೆ ಬಡ್ಕೊಂಡು ಅತ್ತು ಅತ್ತು ಮುಗ್ಸಿದೆ. ನೀನು ಶುರುನೇ ಮಾಡ್ಲಿಲ್ಲ! ಒಂದೇ ಮನೇಲಿ ಇಬ್ರನ್ನ ಕಳ್ಕೊಂಡೆ ಅನ್ನಿಸ್ತಿತ್ತು ನಂಗೆ. ಆ ಮೋರಿರಾಜ ಬಂದ ದಿನ ನೀನು ರೇಗ್ತೀಯ, ಅಣಕಿಸ್ತೀಯ, ಹೊಟ್ಟೆ ತುಂಬ ಉಣ್ತೀಯ. ಅವನು ಬರೋದು ನಿಲ್ಸಿದ ಕೂಡ್ಲೇ ಮತ್ತೆ ಗೋಡೆ ನೋಡ್ತಾ ಕೂರ್ತೀಯ. ನಾನೇನು ಮಾಡ್ಲಿ? ನನಗೆ ತಿಳಿದಿದ್ದು ಇಷ್ಟೇ."

ಅವಳು ಏನೋ ಹೇಳಹೊರಟಳು. ಕಾಲಿನ ಜೋಮು ಇಳಿಯುವಾಗ ಚುಚ್ಚುತ್ತದಲ್ಲ, ಹಾಗೆ ಎದೆಯೊಳಗೆಲ್ಲ ಚುಚ್ಚತೊಡಗಿತು. ಗಂಡ ಹಾಸಿದ್ದ ಸಿಮೆಂಟಿನ ಮೇಲೆ ಹಾಗೇ ಕುಳಿತುಬಿಟ್ಟಳು.

"ಅತ್ತೆ..." ಎಂದಳು. "ಅವ್ರು ಇಲ್ಲ ಅತ್ತೆ. ಅವ್ರು ಮತ್ತೆ ಬರಲ್ಲ..."

ಆಗ ಅತ್ತಳು. ಚೆನ್ನಾಗಿ ಅಳಲೂ ಬರಲಿಲ್ಲ ಅವಳಿಗೆ, ರೂಢಿ ತಪ್ಪಿತ್ತು. ಬಿಕ್ಕಿ, ಕೆಮ್ಮಿ, ಮೂಗು ಸುರಿಸಿಕೊಂಡು ಅತ್ತಳು. ಅತ್ತೆ ಬಂದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತರು. "ಅಳು ಮಗಳೇ, ಅಳು. ನಾನಿದ್ದೀನಿ." ಇಬ್ಬರ ಬಟ್ಟೆಯೂ ಕೆಸರಾಯಿತು.

ಬಹಳ ಹೊತ್ತಾದ ಮೇಲೆ ಅವಳು ತಲೆಯೆತ್ತಿದಳು. "ಆ ಮೋರಿ ಕೆಲಸದವ್ರ ಹೆಸರು ಕೆಡಿಸಿಬಿಟ್ಟೆ ಅತ್ತೆ."

"ಅದಕ್ಕೆ ಕಾರಣ ನಾನು. ನಾನೂ ಬರ್ತೀನಿ ನಡಿ."

"ಬೇಡ. ಅಂದಿದ್ದು ನನ್ನ ಬಾಯಿ. ನಾನೇ ಹೋಗ್ತೀನಿ."

* * *

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಜನ ತುಂಬಿದ್ದರು. ಬೀದಿಯ ಅರ್ಧಕ್ಕರ್ಧ ಜನ ಅಲ್ಲೇ ಕೆಮ್ಮುತ್ತಾ ಕೂತಿದ್ದರು. ಒಳಗೆ ಹೋಗಿ ಗುಟ್ಟಾಗಿ ಹೇಳಬಹುದಿತ್ತು. ಆದರೆ ದೂರಿದ ಮಾತು ಇವರೆಲ್ಲರ ಕಿವಿಗೂ ಬಿದ್ದಿತ್ತು ಎಂದು ಅವಳಿಗೆ ಗೊತ್ತಿತ್ತು.

ಡಾಕ್ಟರಮ್ಮ ಬಾಗಿಲಿಗೆ ಬಂದಾಗ ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಮೋರಿ ಕೆಲಸದವ್ರ ಮೇಲೆ ನಾನು ಹೇಳಿದ್ದು ಸುಳ್ಳು ಡಾಕ್ಟರಮ್ಮ. ತಪ್ಪು ನಮ್ಮ ಮನೆದು. ಅವ್ರ ಕೆಲಸ ಅಚ್ಚುಕಟ್ಟಾಗಿದೆ, ಅವ್ರ ನಡತೆನೂ."

ಡಾಕ್ಟರಮ್ಮ ಅವಳ ಊದಿದ ಕಣ್ಣನ್ನೂ ಕೆಸರು ಬಟ್ಟೆಯನ್ನೂ ನೋಡಿದರು. "ಸರಿ. ಅವನಿಗೆ ನಾಳೆಯಿಂದ ಬರೋಕೆ ಹೇಳ್ತೀನಿ. ನೀನು ಇಲ್ಲೇನು ಮಾಡ್ತಿದ್ದೀಯ? ಇದನ್ನ ಕೇಳ್ಬೇಕಾದೋನು ಎರಡನೇ ಬೀದಿಯ ಶಿಶುವಿಹಾರದ ಹಿಂದೆ ಅಗೀತಿದ್ದಾನೆ. ಹೋಗು!"

ಅವಳು ಓಡಿದಳು. ಹೌದು, ಓಡಿದಳು.

ಶಿಶುವಿಹಾರದ ಹಿಂದಿನ ಅಂಗಳದಲ್ಲಿ ಅವನು ಸೊಂಟದವರೆಗಿನ ಗುಂಡಿಯಲ್ಲಿ ಒಬ್ಬನೇ ನಿಂತಿದ್ದ. ಮಾತಿಲ್ಲದೆ ಅಗೆಯುತ್ತಿದ್ದ. ನೆರಳು ಬಿದ್ದದ್ದು ನೋಡಿ ತಲೆಯೆತ್ತಿದ. ಗುದ್ದಲಿ ಅರ್ಧಕ್ಕೆ ನಿಂತಿತು.

"ನನ್ನ ತಪ್ಪಾಯ್ತು," ಎಂದಳು, ಏದುಸಿರು ಬಿಡುತ್ತಾ. "ಎಲ್ಲ ಗೊತ್ತಾಯ್ತು. ಡಾಕ್ಟರಮ್ಮಂಗೂ ಹೇಳಿ ಬಂದೆ. ಎಲ್ಲರೆದುರಿಗೇ."

ಅವನು ಬೆವರು ಒರೆಸಿಕೊಂಡ. "ಸರಿ ಮೇಡಂ. ಆಯ್ತಲ್ಲ ಬಿಡಿ."

ಮತ್ತೆ ಗುದ್ದಲಿ ಎತ್ತಿದ. ಅವಳು ಅಲ್ಲೇ ನಿಂತಳು.

"ಆಗಿಲ್ಲ! ನನಗೆ ನಿಮ್ಮ ಮೇಲೆ ಸಿಟ್ಟಿದೆ!"

"ಇನ್ನೂ ಇದೆಯಾ?!"

"ನೀವ್ಯಾಕೆ ಹೇಳ್ಲಿಲ್ಲ? ಮೊದಲನೇ ಸಲಾನೇ ನಿಮಗೆ ಗೊತ್ತಾಗಿತ್ತು. ನಾನು ಬಾಯಿಗೆ ಬಂದ ಹಾಗೆ ಅಂದಾಗ್ಲೂ ನಿಂತ್ಕೊಂಡು ಕೇಳಿದ್ರಿ. ನಿಮ್ಮ ಅತ್ತೆನ ಕೇಳಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತಲ್ಲ?"

ಅವನು ಗುದ್ದಲಿಯನ್ನು ಗುಂಡಿಯ ಗೋಡೆಗೆ ಒರಗಿಸಿದ.

"ಎರಡನೇ ಸಲ ತಲೆ ಎತ್ತಿ ನೋಡಿದ್ರೆ ಅಮ್ಮ ಕಿಟಕೀಲಿ ನಿಂತು ಬಾಯ್ಮೇಲೆ ಬೆರಳಿಟ್ಟು ತೋರಿಸಿದ್ರು. ಅವ್ರ ಕಣ್ಣಲ್ಲಿ ನೀರಿತ್ತು. ಹೇಗೆ ಹೇಳ್ಲಿ? ಮಗನ್ನ ಕಳ್ಕೊಂಡ ಜೀವ ಅದು. ಸೊಸೆ ಮುಂದೆ ತಲೆ ತಗ್ಗಿಸೋ ಹಾಗೆ ಮಾಡ್ಲಾ?"

"ಅದೊಂದೇನಾ ಕಾರಣ?"

ಅವನು ಉಗುರಿನ ಮಣ್ಣು ಕೆರೆದ. ಆಮೇಲೆ ನೆಲ ನೋಡುತ್ತಾ ಹೇಳಿದ: "ಹೇಳಿಬಿಟ್ರೆ ಅವ್ರು ತುರುಕೋದು ನಿಲ್ಲಿಸ್ತಿದ್ರು. ನಾನು ಬರೋದೂ ನಿಂತುಹೋಗ್ತಿತ್ತು. ಮಳೆ ಬಂದ್ರೆ ಸಾಕು, ನಿಮ್ಮ ಮನೆಯಿಂದ ಫೋನ್ ಬರುತ್ತಾ ಅಂತ ಕಾಯ್ತಾ ಕೂತಿರ್ತಿದ್ದೆ ಮೇಡಂ. ನೀವು ಬೈದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಯಾಕಂದ್ರೆ... ನೀವು ಅಂದಿದ್ದು ಅರ್ಧ ನಿಜಾನೇ ಆಗಿತ್ತು."

ಅಂಗಳದಾಚೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳೊಳಗೆ ನೋವಿತ್ತು, ಹೆದರಿಕೆಯಿತ್ತು, ಬೆಳಿಗ್ಗೆಯ ಅಳುವಿನ ತಲೆನೋವೂ ಇತ್ತು. ಅವುಗಳ ನಡುವೆ ಎಲ್ಲೋ ಸಂತೋಷವೂ ಇತ್ತು. ಎಲ್ಲವೂ ಒಟ್ಟಿಗೆ ಗೊತ್ತಾಗುತ್ತಿತ್ತು.

ಗುಂಡಿಯ ಅಂಚಿನಲ್ಲಿ ಕುಳಿತಳು. ಈಗ ಇಬ್ಬರ ಮುಖವೂ ಎದುರುಬದುರಾಯಿತು.

"ನಾನು ಸುಳ್ಳು ಹೇಳಲ್ಲ," ಎಂದಳು. "ನನ್ನ ಗಂಡನ್ನ ಮರೆತಿಲ್ಲ. ಮರೆಯೋದೂ ಇಲ್ಲ. ಇವತ್ತೇ ಅವ್ರಿಗೋಸ್ಕರ ಮೊದಲನೇ ಸಲ ಅತ್ತಿದ್ದು. ಇನ್ನೂ ಎಷ್ಟು ಅಳೋದಿದೆಯೋ ಗೊತ್ತಿಲ್ಲ."

"ಅಳಿ. ನಾನೇನು ಬೇಡ ಅಂತೀನಾ?"

"ಆದ್ರೆ ನೀವು ಬರದೇ ಇದ್ದ ದಿನಗಳಿವೆಯಲ್ಲ... ಅವು ನನಗೆ ಒಂದೊಂದೂ ಗೊತ್ತಾದ್ವು. ಎಷ್ಟೋ ಕಾಲದಿಂದ ನನಗೆ ಯಾವ ದಿನಾನೂ ಗೊತ್ತಾಗಿರ್ಲಿಲ್ಲ. ಇದಕ್ಕೆ ಏನಂತಾರೆ ನನಗೆ ಗೊತ್ತಿಲ್ಲ. ನೀವು ಬರ್ಬೇಕು. ಅಷ್ಟೇ."

ಅವನು ಅವಳನ್ನೇ ನೋಡಿದ. ಜಂಬವೆಲ್ಲ ಎಲ್ಲಿ ಹೋಯಿತೋ! ಕಣ್ಣು ತುಂಬಿಕೊಂಡಿತ್ತು.

"ಭಾನುವಾರ ಬರ್ಲಾ?"

"ಭಾನುವಾರ ಇನ್ನೂ ದೂರ ಇದೆ."

"ಮತ್ತೆ ಯಾವಾಗ?"

"ಈಗ್ಲೇ. ಅತ್ತೆ ಬಾಗಿಲಲ್ಲೇ ನಿಂತಿರ್ತಾರೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಾವು ಹೋಗೋವರೆಗೂ ತಿನ್ನಲ್ಲ ಅವ್ರು."

"ಇರಿ ಹಾಗಾದ್ರೆ," ಎಂದ ಅವನು ಗಡಿಬಿಡಿಯಿಂದ, ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಾ. "ಕೈ ತೊಳ್ಕೊಂಡು ಬರ್ತೀನಿ, ಪೂರ್ತಿ ಮಣ್ಣಾಗಿದೆ."

"ಇರ್ಲಿ, ಹಾಗೇ ಕೊಡಿ," ಎಂದಳು ಅವಳು, ಅವನನ್ನು ಮೇಲಕ್ಕೆ ಹತ್ತಿಸಲು ಕೈ ಚಾಚಿ.